ಹವಳದ ಟ್ಯಾಂಕ್ ತಣ್ಣಗಿಡಲು ನಾನು ಕಲಿತದ್ದು

ಮಧ್ಯಾಹ್ನ ಮೂರು ಗಂಟೆಗೆ ನನ್ನ ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕಿನ ಥರ್ಮಾಮೀಟರ್ 31.2 ಡಿಗ್ರಿ ತೋರಿಸುತ್ತಿತ್ತು. ಮೂರು ದಿನದಿಂದ ಹಾಗೇ ಇತ್ತು. ಎರಡೂ ಕ್ಲೌನ್ ಮೀನುಗಳು ಪಂಪಿನ ನೀರು ಬಂದು ಬೀಳುವ ಮೂಲೆಗೆ ಸೇರಿ, ಮೇಲ್ಮೈಗೆ ಬಾಯಿಟ್ಟು ಕಿವಿರು ಬಡಿಯುತ್ತಿದ್ದವು. ತಟ್ಟೆಯಂತೆ ಹರಡಿ ಬೆಳೆದಿದ್ದ ಮಾಂಟಿಪೋರಾ ಹವಳ, ಬೆಳಕು ನೇರ ಬೀಳುವ ನಡುಭಾಗದಲ್ಲಿ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಹವಳದ ಬಣ್ಣ ಬಹುಪಾಲು ಅದರ ಮೈಯೊಳಗೆ ಬದುಕುವ ಏಕಕೋಶ ಪಾಚಿಯದು. ಅದಕ್ಕೆ ಊಟ ಒದಗಿಸುವುದೂ ಆ ಪಾಚಿಯೇ. ನೀರು ಬಿಸಿಯಾದಾಗ ಹವಳ ಅದನ್ನು ಹೊರಹಾಕುತ್ತದೆ, ಆಗ ಪಾರದರ್ಶಕ ಚರ್ಮದ ಕೆಳಗಿನ ಸುಣ್ಣದ ಅಸ್ಥಿ ಕಾಣುತ್ತದೆ. ಅದಿನ್ನೂ ಸತ್ತಿರಲಿಲ್ಲ, ಆದರೆ ಉಪವಾಸ ಬಿದ್ದಿತ್ತು.

ಅದು 60 ಲೀಟರಿನ ಟ್ಯಾಂಕ್. ಚಿಕ್ಕದಾದರೆ ನೋಡಿಕೊಳ್ಳುವುದು ಸುಲಭ ಎಂದು ನಂಬಿ ತಂದಿದ್ದೆ. ಹವಳ ಸಾಕುವ ರೀಫ್ ಟ್ಯಾಂಕಿನ ಮಟ್ಟಿಗೆ ಅದು ತಲೆಕೆಳಗಾದ ಲೆಕ್ಕ. ನೀರು ಕಡಿಮೆಯಿದ್ದಷ್ಟೂ ಬೇಗ ಕಾಯುತ್ತದೆ, ಉಪ್ಪಿನಂಶವೂ ಬೇಗ ಏರುಪೇರಾಗುತ್ತದೆ. ಸಾಲದ್ದಕ್ಕೆ ಮೇಲೆ ಬಿಗಿಯಾದ ಗಾಜಿನ ಮುಚ್ಚಳ, ಅದಕ್ಕೆ ತಾಗಿಕೊಂಡೇ ದೀಪ. ಹವಳದ ತುಂಡನ್ನೂ ಮೀನುಗಳನ್ನೂ ಗೆಳೆಯರೊಬ್ಬರ ಟ್ಯಾಂಕಿಗೆ ಸಾಗಿಸಿ, ಎಲ್ಲವನ್ನೂ ಮೊದಲಿಂದ ಯೋಚಿಸಿದೆ.

ಎರಡನೆಯ ಟ್ಯಾಂಕನ್ನು ಆರಿಸುವಾಗ ಗಾಜಿನ ಅಂದಕ್ಕಿಂತ ನೀರಿನ ಮೈಯಗಲ ನೋಡಿದೆ. 90 ಸೆಂ.ಮೀ. ಉದ್ದ, 50 ಅಗಲ, 45 ಎತ್ತರ, ಸುಮಾರು 200 ಲೀಟರ್. ಅಷ್ಟೇ ನೀರು ಹಿಡಿಯುವ ಎತ್ತರದ ಟ್ಯಾಂಕ್ ನೋಡಲು ಚೆಂದ, ಆದರೆ ಅದರ ಮೇಲ್ಮೈ ಕಿರಿದು. ಶಾಖ ಹೊರಹೋಗುವುದೂ ಆಮ್ಲಜನಕ ಒಳಬರುವುದೂ ಬಹುಮಟ್ಟಿಗೆ ಮೇಲ್ಮೈಯಿಂದಲೇ. 25 ಡಿಗ್ರಿಯ ಸಮುದ್ರದ ನೀರು ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು. ಬಿಸಿ ಏರಿದಂತೆ ಅದು ಇಳಿಯುತ್ತದೆ, ಮೀನಿಗೆ ಬೇಕಾಗುವುದು ಮಾತ್ರ ಹೆಚ್ಚುತ್ತದೆ. ನನ್ನ ಕ್ಲೌನ್‌ಗಳು ಮೂಲೆ ಹಿಡಿದದ್ದು ಇದಕ್ಕೇ. ಇಷ್ಟು ದೊಡ್ಡ ಟ್ಯಾಂಕಿನಲ್ಲಿ ನೀರೊಂದೇ 200 ಕೆ.ಜಿ. ಮೀರುತ್ತದೆ, ಕಲ್ಲು ಗಾಜು ಸ್ಟ್ಯಾಂಡು ಬೇರೆ. ಗೋಡೆಯ ಬದಿಯ ಗಟ್ಟಿ ನೆಲದಲ್ಲಿ, ಕಿಟಕಿಯ ಬಿಸಿಲು ತಾಗದ ಕಡೆ ಇಟ್ಟೆ. ಟ್ಯಾಂಕಿನ ಕೆಳಗೆ ಸಂಪ್ ಕೂರಿಸಿದೆ, ಅಂದರೆ ಟ್ಯಾಂಕಿನ ನೀರು ಇಳಿದು ಬಂದು ಪಂಪಿನಿಂದ ಮತ್ತೆ ಮೇಲೇರುವ ತೊಟ್ಟಿ.

ತಣ್ಣಗೆ ಮಾಡುವ ಮೊದಲು ನೀರಿಗೆ ನಾನೇ ಎಷ್ಟು ಶಾಖ ಸುರಿಯುತ್ತಿದ್ದೇನೆ ಎಂದು ಲೆಕ್ಕ ಹಾಕಿದೆ. ನೀರಿನೊಳಗೆ ಮುಳುಗಿದ ಪಂಪು ತಿನ್ನುವ ವಿದ್ಯುತ್ತೆಲ್ಲ ಕೊನೆಗೆ ನೀರಿನಲ್ಲಿ ಶಾಖವಾಗಿಯೇ ಉಳಿಯುತ್ತದೆ. ಶಾಖ ಎಲ್ಲಿಯೂ ಹೊರಹೋಗದಿದ್ದರೆ 100 ವಾಟ್ ಸಾಕು, 200 ಲೀಟರ್ ನೀರನ್ನು ಗಂಟೆಗೆ 0.4 ಡಿಗ್ರಿಗೂ ಹೆಚ್ಚು ಏರಿಸುತ್ತದೆ. ಹಳೆಯ 65 ವಾಟಿನ ಪಂಪು ತೆಗೆದು 25 ವಾಟಿನಲ್ಲಿ ಓಡುವ ಡಿಸಿ ಪಂಪು ಹಾಕಿದೆ. ಎಲ್‌ಇಡಿ ದೀಪವನ್ನು ನೀರಿನಿಂದ 20 ಸೆಂ.ಮೀ. ಮೇಲಕ್ಕೆ ತೂಗುಹಾಕಿದೆ. ಗಾಜಿನ ಮುಚ್ಚಳದ ಜಾಗಕ್ಕೆ ಮೀನು ಹಾರಿ ಬೀಳದಂತೆ ಸಣ್ಣ ಕಣ್ಣಿನ ಬಲೆ ಬಂತು. ಫ್ಯಾನು ಹಾಕುವ ಮೊದಲೇ, ಇಷ್ಟರಿಂದಲೇ ಮಧ್ಯಾಹ್ನದ ಬಿಸಿ ಒಂದು ಡಿಗ್ರಿಗಿಂತ ಹೆಚ್ಚು ತಗ್ಗಿತು.

ಆಮೇಲೆ ಫ್ಯಾನು. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೋಜೂಲ್ ಶಾಖ ಕೊಂಡೊಯ್ಯುತ್ತದೆ. 200 ಲೀಟರ್ ಉಪ್ಪುನೀರನ್ನು ಒಂದು ಡಿಗ್ರಿ ಇಳಿಸಲು ಸುಮಾರು 820 ಕಿಲೋಜೂಲ್ ತೆಗೆದರೆ ಸಾಕು. ಅಂದರೆ ಒಂದು ಲೀಟರ್ ಆವಿಯ ಬಲ ಹೆಚ್ಚುಕಡಿಮೆ ಮೂರು ಡಿಗ್ರಿ! ಹೊಸ ಶಾಖ ಬರುತ್ತಲೇ ಇರುವುದರಿಂದ ಅಷ್ಟೂ ದಕ್ಕದು, ನಿಜ. ಆದರೂ ನೀರಿನ ಮೈ ಸವರಿಕೊಂಡು ಹೋಗುವಂತೆ ಓರೆಯಾಗಿ ಕೂರಿಸಿದ ಎರಡು ಪುಟ್ಟ ಫ್ಯಾನುಗಳು ನನಗೆ ಎರಡೂವರೆ ಡಿಗ್ರಿ ಇಳಿಸಿಕೊಟ್ಟವು. ಅವನ್ನು ಕಂಟ್ರೋಲರಿಗೆ ಜೋಡಿಸಿದ್ದೇನೆ. 26.5ಕ್ಕೆ ಶುರು, 25.8ಕ್ಕೆ ಬಂದ್.

ಇಲ್ಲೊಂದು ಎಚ್ಚರ ಬೇಕು. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಫ್ಯಾನು ಹಾಕಿದ ಮೇಲೆ ದಿನಕ್ಕೆ 4 ಲೀಟರ್ ಇಳಿಯತೊಡಗಿತು. ಹಾಗೇ ಐದು ದಿನ ಬಿಟ್ಟರೆ ಸಾವಿರಕ್ಕೆ 35ರಷ್ಟಿದ್ದ ಉಪ್ಪಿನಂಶ 39ರ ಹತ್ತಿರ ಹೋಗುತ್ತದೆ. ಬಿಸಿಯಿಂದ ಉಳಿಸಿದ ಹವಳವನ್ನು ಉಪ್ಪಿಗೆ ಕೊಟ್ಟಂತೆ. ಹಾಗಾಗಿ ಸಂಪಿನಲ್ಲಿ ಫ್ಲೋಟ್ ಸ್ವಿಚ್ ಇಟ್ಟು, ಇಳಿದಷ್ಟು ಆರ್‌ಒ ನೀರು ತಾನಾಗಿ ತುಂಬಿಕೊಳ್ಳುವಂತೆ ಮಾಡಿದೆ. ತುಂಬಬೇಕಾದ್ದು ಸಿಹಿನೀರೇ, ಉಪ್ಪು ಬೆರೆಸಿದ್ದಲ್ಲ.

ಬೇಸಿಗೆ ಹಾಗೇ ಕಳೆದೀತು ಅಂದುಕೊಂಡಿದ್ದೆ. ಆದರೆ ಸೆಕೆ ಬಂದು ಗಾಳಿಯಲ್ಲಿ ತೇವ ತುಂಬಿದ ವಾರ ಟ್ಯಾಂಕ್ ಮತ್ತೆ 29ಕ್ಕೆ ಏರಿತು. ಹಗ್ಗದ ಮೇಲಿನ ಬಟ್ಟೆ ಒಣಗದ ದಿನ ಫ್ಯಾನಿನಿಂದಲೂ ಕೆಲಸವಾಗುವುದಿಲ್ಲ. ನೀರು ಆವಿಯಾದರೆ ತಾನೇ ಶಾಖ ಹೋಗುವುದು? ಚಿಲ್ಲರ್, ಅಂದರೆ ಫ್ರಿಜ್ಜಿನಂತೆ ನೀರನ್ನು ತಣ್ಣಗಾಗಿಸುವ ಯಂತ್ರ, ಬೇಕು ಎಂದು ತೀರ್ಮಾನಿಸಿದ್ದು ಆಗ.

ಎಷ್ಟು ದೊಡ್ಡ ಚಿಲ್ಲರ್ ಎಂದು ತಿಳಿಯಲು ಪೆಟ್ಟಿಗೆಯ ಮೇಲೆ ಬರೆದ ಲೀಟರ್ ಲೆಕ್ಕ ನಂಬಲಿಲ್ಲ. ಸೆಕೆಯ ಒಂದು ಮಧ್ಯಾಹ್ನ ನೀರು 26ರಲ್ಲಿದ್ದಾಗ ಫ್ಯಾನು ನಿಲ್ಲಿಸಿ, ದೀಪ ಪಂಪು ಎಲ್ಲ ಓಡಿಸಿಕೊಂಡು ಒಂದು ಗಂಟೆ ಅಳೆದೆ. 0.6 ಡಿಗ್ರಿ ಏರಿತು. ಅಂದರೆ ಸುಮಾರು 135 ವಾಟ್ ಶಾಖ ಒಳಬರುತ್ತಿದೆ. ಅದರ ಎರಡರಷ್ಟು ಶಾಖ ತೆಗೆಯುವ ಚಿಲ್ಲರ್ ಆರಿಸಿದೆ. ನೋಡಬೇಕಾದ್ದು ಅದು ತಿನ್ನುವ ವಾಟ್ ಅಲ್ಲ, ತೆಗೆಯುವ ಶಾಖ. ಇನ್ನೊಂದು, ಒಳಗಿನ ಸುರುಳಿ ಟೈಟಾನಿಯಂ ಆಗಿರಲೇಬೇಕು. ಉಪ್ಪುನೀರು ತಾಮ್ರವನ್ನು ಕೊರೆಯುತ್ತದೆ, ನೀರಿಗಿಳಿದ ತಾಮ್ರ ಹವಳಕ್ಕೂ ಸೀಗಡಿಗೂ ವಿಷ.

ಮೊದಲು ಅದನ್ನು ಸ್ಟ್ಯಾಂಡಿನ ಕಪಾಟಿನೊಳಗೇ ಅಚ್ಚುಕಟ್ಟಾಗಿ ಇಟ್ಟು ಬಾಗಿಲು ಮುಚ್ಚಿದೆ. ಅದು ನಿಲ್ಲದೆ ಓಡಿತು, ನೀರು ಮಾತ್ರ ಇಳಿಯಲೊಲ್ಲದು. ಕಪಾಟಿನ ಬಾಗಿಲು ತೆಗೆದಾಗ ಮುಖಕ್ಕೆ ರಾಚಿದ ಬಿಸಿಗಾಳಿ ಈಗಲೂ ನೆನಪಿದೆ. ಚಿಲ್ಲರ್ ಶಾಖವನ್ನು ನುಂಗುವುದಿಲ್ಲ, ನೀರಿನಿಂದ ತೆಗೆದು ಪಕ್ಕದ ಗಾಳಿಗೆ ಎಸೆಯುತ್ತದೆ, ತಾನು ತಿಂದ ವಿದ್ಯುತ್ತಿನ ಶಾಖವನ್ನೂ ಸೇರಿಸಿ. ಪೈಪು ಉದ್ದ ಮಾಡಿ ಪಕ್ಕದ ಕೋಣೆಗೆ ಸಾಗಿಸಿದೆ, ಸುತ್ತ ಒಂದು ಗೇಣು ಜಾಗ ಬಿಟ್ಟೆ. ಅಂದು ಸಂಜೆಯೊಳಗೆ 26 ಬಂತು. ತಿಂಗಳಿಗೊಮ್ಮೆ ಅದರ ಜಾಲರಿಯ ಧೂಳು ತೆಗೆಯುತ್ತೇನೆ.

ಈಗಲೂ ಮೊದಲು ಓಡುವುದು ಫ್ಯಾನು. ಅದರಿಂದ ಆಗದಿದ್ದರೆ 27ಕ್ಕೆ ಚಿಲ್ಲರ್ ಶುರುವಾಗುತ್ತದೆ. ಕರೆಂಟ್ ಹೋದಾಗ ಬೇಕಾಗುತ್ತದೆಂದು ಬ್ಯಾಟರಿಯ ಏರ್ ಪಂಪೂ ಫ್ರೀಜರಿನಲ್ಲಿ ನೀರು ತುಂಬಿದ ಬಾಟಲಿಗಳೂ ಇವೆ. ಒಂದು ಲೀಟರಿನ ಹೆಪ್ಪುಗಟ್ಟಿದ ಬಾಟಲಿ ಈ ಟ್ಯಾಂಕನ್ನು ಅರ್ಧ ಡಿಗ್ರಿ ಇಳಿಸುತ್ತದೆ. ಒಂದು ಕರಗಿದ ಮೇಲೆ ಇನ್ನೊಂದು ಬಿಡುತ್ತೇನೆ, ಒಟ್ಟಿಗೆ ಅಲ್ಲ. ಬರೀ ಮಂಜುಗಡ್ಡೆಯನ್ನು ನೀರಿಗೆ ಹಾಕುವುದೇ ಇಲ್ಲ, ಉಪ್ಪಿನಂಶ ಕೆಡುತ್ತದೆ.

ಗೆಳೆಯರ ಟ್ಯಾಂಕಿನಿಂದ ಮರಳಿದ ಮಾಂಟಿಪೋರಾ ತುಂಡು ಹೆಬ್ಬೆರಳಿನಷ್ಟಿತ್ತು. ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅದರ ಅಂಚಿನುದ್ದಕ್ಕೂ ಬಿಳಿ ಗೆರೆ ಕಂಡು ಎದೆ ಧಸಕ್ಕೆಂದಿತು. ಥರ್ಮಾಮೀಟರ್ ನೋಡಿದೆ, 25.9. ಭೂತಗನ್ನಡಿ ಹಿಡಿದು ಮತ್ತೆ ನೋಡಿದೆ. ನಡುಭಾಗ ಗಾಢ ಕಂದು ಬಣ್ಣದ್ದಾಗಿತ್ತು, ಬಿಳುಪು ಅಂಚಿನಲ್ಲಿ ಮಾತ್ರ, ಸುತ್ತಲೂ ಒಂದೇ ಅಗಲ. ಅದರ ಹಿಂದೆಯೇ ಸೂಜಿಮೊನೆಯಷ್ಟು ಪಾಲಿಪ್‌ಗಳು, ಅಂದರೆ ಹವಳವನ್ನು ಕಟ್ಟುವ ಪುಟ್ಟ ಜೀವಿಗಳು, ಬಿಚ್ಚಿಕೊಂಡಿದ್ದವು. ಪಾಚಿ ಇನ್ನೂ ಬಂದು ತುಂಬದ ಹೊಸ ಬೆಳವಣಿಗೆ ಅದು.