ಅಮೆರಿಕದಲ್ಲಿ ಹೋಲ್‌ಸ್ಟರ್ ಕೊಳ್ಳುವ ಮುನ್ನ: ‘ಲೆವೆಲ್’ ನಂಬರ್ ನೋಡಿ ದುಡ್ಡು ಕೊಡಬೇಡಿ

ಹೋಲ್‌ಸ್ಟರ್ ಅಂದರೆ ಪಿಸ್ತೂಲನ್ನು ಮೈಗೆ ಕಟ್ಟಿಕೊಂಡು ಒಯ್ಯುವ ಒರೆ. ನೀವು ಎಚ್-1ಬಿ, ಎಲ್-1, ಎಫ್-1, ಎಚ್-4 ವೀಸಾದಲ್ಲಿದ್ದರೆ ಈ ಪ್ಯಾರಾ ಓದಿ ಮುಚ್ಚಿಬಿಡಿ. ಇಂಥ ವೀಸಾದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ ಫೆಡರಲ್ ಕಾನೂನು. ರಾಜ್ಯ ಕೊಡುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಆದರೆ ಅದನ್ನೇ ನೆಚ್ಚಿಕೊಂಡು ಅಂಗಡಿಗೆ ಹೋಗುವ ಮೊದಲು ವಕೀಲರನ್ನು ಕೇಳಿ, ಆಫೀಸಿನ ಗೆಳೆಯನನ್ನಲ್ಲ. ಬಂದೂಕು ಕೊಳ್ಳುವಾಗ ಅಂಗಡಿಯಲ್ಲಿ ತುಂಬಿಸುವ 4473 ಫಾರ್ಮಿನಲ್ಲಿ ಬೇಕಂತಲೇ ಸುಳ್ಳು ಬರೆದರೆ ಜೈಲಿಗೆ ಹೋಗುವಂಥ ಅಪರಾಧ. ವರ್ಷಗಟ್ಟಲೆ ಕಾದ ಗ್ರೀನ್ ಕಾರ್ಡಿಗೂ ಕುತ್ತು. ಕಾರ್ಡ್ ಕೈಗೆ ಬಂದವರು, ಸಿಟಿಜನ್ ಆದವರು ಮುಂದೆ ಓದಿ.

ನಮ್ಮಲ್ಲಿ ಕೊಡವರಿಗೆ, ಕೊಡಗಿನ ಜಮ್ಮಾ ಜಮೀನಿನವರಿಗೆ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ. ಉಳಿದವರಿಗೆ ಡಿಸಿ ಕಚೇರಿ, ಪೊಲೀಸ್ ಕಮಿಷನರ್ ಕಚೇರಿ ಅಂತ ಅಲೆದಾಟ. ಒಮ್ಮೆ ಲೈಸೆನ್ಸ್ ಸಿಕ್ಕಿತೋ, ಯಾವ ಆಯುಧ, ಎಲ್ಲಿಯವರೆಗೆ ಒಯ್ಯಬಹುದು ಎಲ್ಲ ಅದರಲ್ಲೇ ಬರೆದಿರುತ್ತದೆ. ಇಲ್ಲಿ ತದ್ವಿರುದ್ಧ. ಕೊಳ್ಳುವುದು ಸಲೀಸು, ಸೊಂಟಕ್ಕೆ ಕಟ್ಟಿಕೊಂಡು ಹೊರಗೆ ಬಂದ ಮೇಲೆ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ನನ್ನನ್ನು ಕೇಳಿದರೆ ಈ ಒಂದು ವಿಷಯದಲ್ಲಿ ನಮ್ಮ ಊರಿನ ಪದ್ಧತಿಯೇ ವಾಸಿ. ತಡ ಆದರೂ ಗೊಂದಲ ಇಲ್ಲ.

ಟೆಕ್ಸಸ್ ಉದಾಹರಣೆ ನೋಡಿ. 2016ರಲ್ಲಿ ಲೈಸೆನ್ಸ್ ಇದ್ದವರು ಪಿಸ್ತೂಲನ್ನು ಎಲ್ಲರಿಗೂ ಕಾಣುವಂತೆ ಒಯ್ಯಬಹುದು ಅಂತಾಯಿತು. ಆದರೆ ಅದು ಭುಜದ ಇಲ್ಲವೇ ಬೆಲ್ಟಿನ ಹೋಲ್‌ಸ್ಟರಿನಲ್ಲೇ ಇರಬೇಕಿತ್ತು. 2021ರ ಸೆಪ್ಟೆಂಬರ್‌ನಿಂದ ಲೈಸೆನ್ಸ್ ಕಡ್ಡಾಯವಲ್ಲ. ಭುಜ, ಬೆಲ್ಟ್ ಅನ್ನುವ ಮಾತೂ ಹೋಯಿತು. ಕಾಣುವಂತೆ ಒಯ್ಯುವುದಾದರೆ ಹೋಲ್‌ಸ್ಟರ್ ಮಾತ್ರ ಬೇಕೇ ಬೇಕು. ಅದು ಗಟ್ಟಿಯಾಗಿರಬೇಕೋ, ಹೇಗಿರಬೇಕೋ, ಕಾನೂನು ತಲೆ ಕೆಡಿಸಿಕೊಳ್ಳುವುದಿಲ್ಲ. ಅದು ನಿಮ್ಮ ತಲೆನೋವು.

ಹೊಸಬರು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಬೇರೆಯವರು ಪಿಸ್ತೂಲು ಕಿತ್ತುಕೊಳ್ಳದಂತೆ ಹೋಲ್‌ಸ್ಟರ್ ಎಷ್ಟು ಭದ್ರ ಅಂತ ಹೇಳಲು ಡಬ್ಬದ ಮೇಲೆ ‘ಲೆವೆಲ್ 1’, ‘ಲೆವೆಲ್ 2’, ‘ಲೆವೆಲ್ 3’ ಅಂತ ಇರುತ್ತದೆ. ಐಎಸ್‌ಐ ಮುದ್ರೆ ಹುಡುಕಿ ಕುಕ್ಕರ್ ಕೊಂಡು ಬೆಳೆದವರು ನಾವು. ಯಾರೋ ಸರ್ಕಾರದವರು ಪರೀಕ್ಷೆ ಮಾಡಿಯೇ ಈ ನಂಬರ್ ಹಾಕಿದ್ದಾರೆ ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. ಕಂಪನಿಯವರು ತಾವೇ ಎಣಿಸಿ ಬರೆದುಕೊಂಡ ನಂಬರ್ ಅದು.

ಇದರ ಮೂಲ ಒಳ್ಳೆಯದೇ. ಬಿಲ್ ರಾಜರ್ಸ್ ಎಂಬ ಹಿಂದಿನ ಎಫ್‌ಬಿಐ ಏಜೆಂಟ್ ಪೊಲೀಸರಿಗಾಗಿ ಒಂದು ಪರೀಕ್ಷೆ ಮಾಡಿದರು. ಸೊಂಟದಲ್ಲಿರುವ ಪಿಸ್ತೂಲಿನ ಹಿಡಿಯನ್ನು ಬೇರೆಯವನು 5 ಸೆಕೆಂಡ್ ಜಗ್ಗಬೇಕು. ಬರದಿದ್ದರೆ ಲೆವೆಲ್ 1. ಒಂದು ಲಾಕ್ ಬಿಚ್ಚಿ ಮತ್ತೆ ಜಗ್ಗಿದಾಗಲೂ ಬರದಿದ್ದರೆ ಲೆವೆಲ್ 2. ಹೀಗೆ ಮೇಲಕ್ಕೆ. ಹೋಲ್‌ಸ್ಟರ್ ಮಾಡುವ ಸಫಾರಿಲ್ಯಾಂಡ್ ಕಂಪನಿ ಈ ಪದ್ಧತಿ ಹಿಡಿಯಿತು. ಆದರೆ ಎಲ್ಲರೂ ಹೀಗೇ ಜಗ್ಗಿ ನೋಡುವುದಿಲ್ಲ. ಒಳಗೆ ಎಷ್ಟು ಹಿಡಿತಗಳಿವೆ ಅಂತ ಎಣಿಸಿಬಿಡುವವರೂ ಇದ್ದಾರೆ. ಒಂದು ಸ್ಕ್ರೂ ಬಿಗಿ ಮಾಡಿ ಬರಿಸಿದ ಬಿಗಿತವನ್ನೂ ಒಂದು ಲೆವೆಲ್ ಅಂತ ಲೆಕ್ಕಕ್ಕೆ ಹಿಡಿಯುತ್ತಾರೆ.

ಪರಿಚಯದ ಹುಡುಗನೊಬ್ಬ ನಂಬರ್ ದೊಡ್ಡದು ಅಂತ ಲೆವೆಲ್ 3 ಕೊಂಡ. ಪೊಲೀಸರು ಹಾಕಿಕೊಳ್ಳುವಂಥದ್ದು, ಅಂಗಿಯ ಕೆಳಗೆ ದಿಂಬಿನಂತೆ ಉಬ್ಬಿತು. ತೆಗೆಯಲು ಕಷ್ಟ ಅಂತ ಮೇಲಿನ ಮುಚ್ಚಳದ ಲಾಕ್ ಹಾಕುವುದನ್ನೇ ಬಿಟ್ಟ. ಕೊನೆಗೆ ಬೇರೆ ಕಂಪನಿಯ ಲೆವೆಲ್ 2 ತಂದ. ಗುಂಡಿಲ್ಲದ ಪಿಸ್ತೂಲು ಹಾಕಿ ಹಾಸಿಗೆಯ ಮೇಲೆ ತಲೆಕೆಳಗು ಮಾಡಿದರೆ ದೊಪ್ಪನೆ ಬಿತ್ತು. ಬಳಸಿದ ಮಾಲು ಅಂತ ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಎರಡಕ್ಕೂ ಕೊಟ್ಟ ದುಡ್ಡು ನೀರಿಗೆ ಹೋಯಿತು.

ಹಾಗಾಗಿ ನಂಬರ್ ಬಿಟ್ಟು ಲಾಕ್ ನೋಡಿ. ಪಿಸ್ತೂಲು ಒಳಗೆ ಕೂತ ಕೂಡಲೇ ಲಾಕ್ ತಾನಾಗಿ ಬೀಳುತ್ತದೆಯೇ? ಬಿಚ್ಚುವುದು ಯಾವ ಬೆರಳು? ಹೆಬ್ಬೆರಳಾದರೆ ಒಳ್ಳೆಯದು. ತೋರುಬೆರಳಿನಿಂದ ಬಟನ್ ಒತ್ತುವ ಬಗೆಯದ್ದು ನನಗೆ ಸರಿ ಕಾಣುವುದಿಲ್ಲ. ಗಾಬರಿಯಲ್ಲಿ ಜೋರಾಗಿ ಒತ್ತಿ ಎಳೆದರೆ ಆ ಬೆರಳು ನೇರ ಟ್ರಿಗರ್ ಮೇಲೆ ಬರಬಹುದು. ಕೆಲವು ತರಬೇತಿ ಕೇಂದ್ರಗಳು ಇದನ್ನು ಒಳಗೇ ಬಿಡುವುದಿಲ್ಲ. ಅಂಗಿಯೊಳಗೆ ಮುಚ್ಚಿಟ್ಟು ಒಯ್ಯುವವರಿಗೆ ಬಿಗಿತದಿಂದಲೇ ಹಿಡಿದುಕೊಳ್ಳುವ ಹೋಲ್‌ಸ್ಟರ್ ಸಾಕು. ಕಾಣುವಂತೆ ಒಯ್ಯುವವರಿಗೆ ನಿಜವಾದ ಒಂದು ಲಾಕ್ ಬೇಕು. ಕಿತ್ತುಕೊಳ್ಳುವ ಕೈ ಹಿಂದಿನಿಂದ ಬರುತ್ತದೆ ಅಲ್ವಾ? ಸಾಮಾನ್ಯ ಜನ ಕಾಣುವಂತೆ ಒಯ್ಯಲೇಬಾರದು ಎನ್ನುವವನು ನಾನು.

ಟ್ರಿಗರ್ ಪೂರ್ತಿ ಮುಚ್ಚಿರಬೇಕು, ಗಟ್ಟಿಯಾಗಿ ಮುಚ್ಚಿರಬೇಕು. ‘ಎಲ್ಲ ಪಿಸ್ತೂಲಿಗೂ ಆಗುತ್ತದೆ’ ಎನ್ನುವ ಮೆತ್ತನೆಯ ನೈಲಾನ್ ಚೀಲ ಬೇಡವೇ ಬೇಡ. ಪಿಸ್ತೂಲು ಹೊರಗೆ ಬಂದಾಗ ಬಾಯಿ ತೆರೆದೇ ಇರಬೇಕು. ಹಳೆಯ ಚರ್ಮ ಮೆತ್ತಗಾಗಿ ಬಾಯಿ ಒಳಕ್ಕೆ ಮಡಚಿಕೊಂಡರೆ, ಒಳಗೆ ಹಾಕುವಾಗ ಆ ಮಡಿಕೆಯೇ ಟ್ರಿಗರ್ ಒತ್ತಬಹುದು. ಹೊಸಬರಿಗೆ ನಾನು ಹೇಳುವುದು ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್‌ನದು. ಚರ್ಮ ಮೈಗೆ ಹಿತ, ಆದರೆ ಆಗಾಗ ಪರೀಕ್ಷೆ ಮಾಡುವ ತಾಳ್ಮೆ ಬೇಕು.

ಎಷ್ಟೇ ಒಳ್ಳೆಯ ಹೋಲ್‌ಸ್ಟರ್ ಇದ್ದರೂ ಆಫೀಸಿಗೆ ಹಾಕುವ ತೆಳು ಬೆಲ್ಟಿನ ಮೇಲೆ ಅದು ಜೋತು ಬೀಳುತ್ತದೆ. ಗುಂಡು ತುಂಬಿದ ಗ್ಲಾಕ್ 19 ಪಿಸ್ತೂಲು ಸುಮಾರು 850 ಗ್ರಾಂ ತೂಗುತ್ತದೆ. ಮೊದಲು ಬೆಲ್ಟ್ ತಗೊಳ್ಳಿ. ಒಂದೂವರೆ ಇಂಚು ಅಗಲ, ಎರಡು ಪದರದ ಚರ್ಮ ಅಥವಾ ಒಳಗೆ ಗಟ್ಟಿ ಪಟ್ಟಿ ಇರುವ ನೈಲಾನ್. ಹೋಲ್‌ಸ್ಟರಿನ ಲೂಪ್ ಅದೇ ಅಗಲದ್ದಿರಲಿ. ಸಡಿಲ ಇದ್ದರೆ ಎಳೆದಾಗ ಹೋಲ್‌ಸ್ಟರ್ ಕೂಡ ಮೇಲೆ ಬರುತ್ತದೆ.

ಪಿಸ್ತೂಲಿಗೆ ಲೈಟ್ ಹಾಕುವ ಯೋಚನೆ ಇದ್ದರೆ ಈಗಲೇ ತೀರ್ಮಾನಿಸಿ. ಲೈಟಿಗಾಗಿ ಮಾಡಿದ ಹೋಲ್‌ಸ್ಟರ್ ಹೆಚ್ಚಾಗಿ ಆ ಲೈಟಿನ ಮೇಲೇ ಹಿಡಿತ ಇಟ್ಟುಕೊಂಡಿರುತ್ತದೆ. ಲೈಟ್ ತೆಗೆದರೆ ಪಿಸ್ತೂಲು ಲೊಡಲೊಡ. ಎಡಗೈಯವರು ಆರ್ಡರ್ ಮಾಡುವಾಗ ಬಲಗೈದು ತಾನಾಗಿ ಆಯ್ಕೆಯಾಗಿದೆಯಾ ಅಂತ ನೋಡಿ.

ಮನೆಗೆ ಬಂದ ಮೇಲೆ ಗುಂಡುಗಳನ್ನು ಬೇರೆ ಕೋಣೆಯಲ್ಲಿಡಿ, ಪಿಸ್ತೂಲು ಖಾಲಿಯೇ ಅಂತ ಎರಡು ಸಲ ನೋಡಿ, ಆಮೇಲೆ ಹಾಕಿಕೊಳ್ಳಿ. ಬಗ್ಗಿ, ಕೂತು ಏಳಿ, ಕಾರಿನ ಸೀಟ್ ಬೆಲ್ಟ್ ಹಾಕಿ ತೆಗೆಯಿರಿ. ಚೀಟಿ, ಡಬ್ಬ ಬಿಸಾಡದೆ ಈ ಪರೀಕ್ಷೆಯನ್ನು ಮೊದಲ ದಿನವೇ ಮುಗಿಸಿ, ವಾಪಸ್ ಕೊಡುವ ಅವಧಿ ಅಂಗಡಿಯಿಂದ ಅಂಗಡಿಗೆ ಬೇರೆ. ಇಟ್ಟುಕೊಳ್ಳುವುದು ಅಂತ ಗಟ್ಟಿಯಾದ ಮೇಲೆ ಸ್ಕ್ರೂಗಳಿಗೆ ಸಡಿಲವಾಗದಂತೆ ಒಂದೊಂದು ಹನಿ ಅಂಟು, ಅಂದರೆ ನೀಲಿ ಲಾಕ್‌ಟೈಟ್ ಹಾಕಿ. ಕೆಂಪು ಹಾಕಿದರೆ ಆಮೇಲೆ ಬಿಚ್ಚಲು ಬಿಸಿ ಮಾಡಬೇಕು, ಆ ಬಿಸಿಗೆ ಕೈಡೆಕ್ಸ್ ಸೊಟ್ಟಗಾಗುತ್ತದೆ.