‘ಬಸ್ಸು ಹೋಗಿರುತ್ತೆ’ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ?

ಬಸ್ಸು 8.30ಕ್ಕೆ. ನೀವು ಮನೆಯಲ್ಲಿ ಇನ್ನೂ ಚಪ್ಪಲಿ ಹುಡುಕುತ್ತಿದ್ದೀರಿ. ‘ನೀನು ಹೋಗುವಷ್ಟರಲ್ಲಿ ಬಸ್ಸು ಹೋಗಿರುತ್ತೆ’ ಎಂದು ಒಳಗಿನಿಂದ ಅಮ್ಮ ಕೂಗುತ್ತಾರೆ. ಆ ‘ಹೋಗಿರುತ್ತೆ’ ಇದೆಯಲ್ಲ, ಇಂಗ್ಲಿಷಿನ ಫ್ಯೂಚರ್ ಪರ್ಫೆಕ್ಟ್ ಟೆನ್ಸ್ ಅಂದರೆ ಅದೇ. ಹೆಸರು ಸುಮ್ನೆ ಹೆದರಿಸುತ್ತದೆ, ಅಷ್ಟೆ.

ಮೊದಲು ವಾಕ್ಯವನ್ನು ಕನ್ನಡದಲ್ಲೇ ಹೇಳಿಕೊಳ್ಳಿ. ‘ಮುಗಿಸುತ್ತೇನೆ’ ಎಂದು ಬಂದರೆ ‘ಐ ವಿಲ್ ಫಿನಿಶ್’ ಸಾಕು. ‘ಮುಗಿಸಿರುತ್ತೇನೆ’ ಎಂದು ಬಂದರೆ ‘ಐ ವಿಲ್ ಹ್ಯಾವ್ ಫಿನಿಶ್ಡ್’. ನಡುವೆ ಬಂದು ಕೂತ ‘ಇರು’ವಿನ ಕೆಲಸವನ್ನು ಅಲ್ಲಿ ‘ಹ್ಯಾವ್’ ಮಾಡುತ್ತದೆ.

ಈಗ ಕ್ರಿಯಾಪದ. ಶಾಲೆಯಲ್ಲಿ ‘ಈಟ್, ಏಟ್, ಈಟನ್’ ಎಂದು ಬಾಯಿಪಾಠ ಮಾಡಿದ್ದೆವಲ್ಲ, ಅದರಲ್ಲಿ ಮೂರನೆಯದು ಬೇಕು. ‘ವಿಲ್ ಹ್ಯಾವ್ ಏಟ್’ ತಪ್ಪು, ‘ವಿಲ್ ಹ್ಯಾವ್ ಈಟನ್’ ಸರಿ. ‘ಹಿ’, ‘ಶಿ’ ಬಂದರೂ ‘ಹ್ಯಾವ್’ ಬದಲಾಗುವುದಿಲ್ಲ. ‘ವಿಲ್ ಹ್ಯಾಸ್’ ಅನ್ನುವುದು ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ.

ಆಮೇಲೆ ಗಡುವು. ‘ಒಂಬತ್ತರೊಳಗೆ’ ಅನ್ನಲು ‘ಬೈ ನೈನ್’. ‘ನೀನು ತಲುಪುವಷ್ಟರಲ್ಲಿ’ ಅನ್ನಲು ‘ಬೈ ದ ಟೈಮ್ ಯೂ ರೀಚ್’. ನಮ್ಮಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ‘ತಲುಪುವ’ ಅನ್ನುವುದು ಮುಂದಿನ ಮಾತಿನಂತೆ ಕೇಳಿಸುತ್ತದೆ, ಅದಕ್ಕೋ ಏನೋ ‘ಬೈ ದ ಟೈಮ್ ಯೂ ವಿಲ್ ರೀಚ್’ ಎಂದುಬಿಡುತ್ತೇವೆ. ಆ ತುಂಡಿನಲ್ಲಿ ‘ವಿಲ್’ ಬೇಡ. ಅಮ್ಮನ ಮಾತು ಹೀಗಾಗುತ್ತದೆ: ‘ಬೈ ದ ಟೈಮ್ ಯೂ ರೀಚ್, ದ ಬಸ್ ವಿಲ್ ಹ್ಯಾವ್ ಲೆಫ್ಟ್.’

ಇಲ್ಲ ಅನ್ನಲು ‘ವೋಂಟ್ ಹ್ಯಾವ್’. ಪ್ರಶ್ನೆಗೆ ‘ವಿಲ್’ ಮುಂದಕ್ಕೆ: ‘ವಿಲ್ ಯೂ ಹ್ಯಾವ್ ಫಿನಿಶ್ಡ್ ಬೈ ಫೈವ್?’

ಇದಕ್ಕೆ ಇನ್ನೊಂದು ಬಳಕೆಯೂ ಇದೆ, ನನಗೆ ತುಂಬಾ ಇಷ್ಟವಾದದ್ದು. ನೆಂಟರು ಬೆಳಗ್ಗೆಯೇ ಹೊರಟಿದ್ದಾರೆ. ‘ಇಷ್ಟೊತ್ತಿಗೆ ಊರು ತಲುಪಿರ್ತಾರೆ ಬಿಡು’ ಅನ್ನುತ್ತೇವೆ. ಅಲ್ಲಿ ನಾಳೆಯ ಮಾತೇ ಇಲ್ಲ, ಬರೀ ಅಂದಾಜು. ಇಂಗ್ಲಿಷಿನವರೂ ಹಾಗೇ: ‘ದೇ ವಿಲ್ ಹ್ಯಾವ್ ರೀಚ್ಡ್ ಹೋಮ್ ಬೈ ನೌ.’ ಎರಡು ಭಾಷೆಗೂ ಒಂದೇ ಬುದ್ಧಿ, ಅಲ್ವಾ?

ಆದರೆ ಎಲ್ಲ ‘ಇರುತ್ತೆ’ಯನ್ನೂ ನಂಬಬೇಡಿ. ‘ದಿನಾ ನಾನು ಏಳುವಷ್ಟರಲ್ಲಿ ಅಪ್ಪ ಕಾಫಿ ಮಾಡಿರುತ್ತಾರೆ’ ಅನ್ನುವುದು ರೂಢಿಯ ಮಾತು. ಅದಕ್ಕೆ ‘ಹ್ಯಾಸ್ ಆಲ್ರೆಡಿ ಮೇಡ್’ ಅನ್ನಬೇಕು. ನಾಳೆ ಬೆಳಗಿನ ಕಾಫಿಯ ಮಾತಾದರೆ ಮಾತ್ರ ‘ವಿಲ್ ಹ್ಯಾವ್ ಮೇಡ್’.