ಜೀಪಿನ ತಗಡಿಗೊಂದು ವೆಲ್ಡಿಂಗ್ ಮಿಷನ್: ನಾನು ಆರಿಸಿಕೊಂಡ ಬಗೆ

ಮಲೆನಾಡಿನಲ್ಲಿ ಹಳೆಯ ಜೀಪು ಇಟ್ಟುಕೊಂಡವರಿಗೆ ಎಂಜಿನ್ನಿಗಿಂತ ಮೊದಲು ಕೈಕೊಡುವುದು ತಗಡು. ನನ್ನ ಮಹೀಂದ್ರಾ ಎಂಎಂ 540ರ ಡೀಸೆಲ್ ಎಂಜಿನ್ ಈಗಲೂ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಆದರೆ ಡ್ರೈವರ್ ಕಾಲಿನ ಹತ್ತಿರ ಮ್ಯಾಟ್ ಎತ್ತಿದರೆ ಕೆಳಗಿನ ರಸ್ತೆ ಕಾಣುತ್ತಿತ್ತು. ಊರಿನ ಟಿಂಕರಿಂಗ್ ಶೆಡ್ಡಿನಲ್ಲಿ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಅಲ್ಲದೆ ಈ ತುಕ್ಕು ಒಂದು ಸಲಕ್ಕೆ ಮುಗಿಯುವ ಬಾಬತ್ತಲ್ಲ, ಪ್ರತಿ ಮಳೆಗಾಲ ಕಳೆದ ಮೇಲೂ ಎಲ್ಲಾದರೂ ಒಂದು ಕಡೆ ತೇಪೆ ಹಾಕಬೇಕು. ಹಾಗಾಗಿ ಮಿಷನ್ನೇ ಕೊಂಡುಬಿಡೋಣ ಅಂದುಕೊಂಡೆ. ಎಲ್ಲ ಸೇರಿ 35,000 ರೂಪಾಯಿಯೊಳಗೆ ಮುಗಿಯಬೇಕು ಎಂಬುದು ಮನೆಯಲ್ಲಿ ಆದ ಒಪ್ಪಂದ.

ಅಂಗಡಿಗೆ ಹೋದರೆ ಮೊದಲು ಕಿವಿಗೆ ಬೀಳುವುದು ಆಂಪಿಯರ್ ಲೆಕ್ಕ. ‘ಸಾರ್, 400 ಆಂಪ್ ತಗೊಳ್ಳಿ, ಮುಂದೆ ಗೇಟು ಗ್ರಿಲ್ಲು ಎಲ್ಲ ಮಾಡ್ಕೋಬಹುದು’ ಅನ್ನುತ್ತಾರೆ. ಡಬ್ಬಿಯ ಮೇಲೂ ಅದೇ ಸಂಖ್ಯೆ ಕೆಂಪಕ್ಷರದಲ್ಲಿ. ಇಲ್ಲಿ ಒಂದು ಸಣ್ಣ ಗುಣಾಕಾರ ಮಾಡಿ ನೋಡಿ. ರಾಡ್ ವೆಲ್ಡಿಂಗಿನಲ್ಲಿ ಆರ್ಕಿನ, ಅಂದರೆ ರಾಡಿನ ತುದಿಗೂ ಕಬ್ಬಿಣಕ್ಕೂ ನಡುವೆ ಉರಿಯುವ ಕಿಡಿಯ, ವೋಲ್ಟೇಜನ್ನು 20 ಕೂಡಿಸು ಆಂಪಿನ ನೂರರಲ್ಲಿ ನಾಲ್ಕು ಪಾಲು ಎಂದು ಹಿಡಿಯುತ್ತಾರೆ. 400 ಆಂಪಿಗೆ ಅದು 36 ವೋಲ್ಟ್, ಅಂದರೆ ಆರ್ಕಿಗೇ 14 ಕಿಲೋವ್ಯಾಟ್ ದಾಟಿತು. ಮನೆಯ 16 ಆಂಪ್ ಪವರ್ ಪ್ಲಗ್ಗು 230 ವೋಲ್ಟಿನಲ್ಲಿ ಕೊಡುವುದು ಮೂರೂಮುಕ್ಕಾಲು ಕಿಲೋವ್ಯಾಟಿಗಿಂತ ಕಡಿಮೆ. ಮಿಷನ್ ಒಳಗಿನ ನಷ್ಟ ಕಳೆದರೆ ಆ ಪ್ಲಗ್ಗಿನಿಂದ ರಾಡಿನ ತುದಿಗೆ ಹೆಚ್ಚೆಂದರೆ 120 ಆಂಪ್ ಸಿಕ್ಕೀತು, ಸಾಮಾನ್ಯವಾಗಿ ಅದಕ್ಕೂ ಕಡಿಮೆಯೇ. ಸಿಂಗಲ್ ಫೇಸಿನ ಪುಟ್ಟ ಪೆಟ್ಟಿಗೆಯ ಮೇಲೆ 400 ಎಂದು ಬರೆದದ್ದನ್ನು ನಾನು ಅಲಂಕಾರ ಅಂದುಕೊಂಡು ಬಿಟ್ಟುಬಿಟ್ಟೆ. ಓದಬೇಕಾದದ್ದು ಹಿಂಬದಿಯ ಪ್ಲೇಟು: ಇನ್‌ಪುಟ್ ಕರೆಂಟ್ ಎಷ್ಟು, ಡ್ಯೂಟಿ ಸೈಕಲ್ ಎಷ್ಟು. 60% ಎಂದಿದ್ದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಸುಡಬಹುದು, ನಾಲ್ಕು ನಿಮಿಷ ಆರಲು ಬಿಡಬೇಕು. ಆ ಪ್ಲೇಟೇ ಇಲ್ಲದ ಮಿಷನ್ನುಗಳೂ ಮಾರಾಟಕ್ಕಿವೆ. ಅವುಗಳ ಕಡೆ ತಿರುಗಿ ನೋಡಲಿಲ್ಲ.

ನಮ್ಮೂರಲ್ಲಿ ಗ್ರಿಲ್ ಕೆಲಸ ಮಾಡಿಕೊಂಡಿರುವ ಹಿರಿಯರೊಬ್ಬರು ಒಂದೇ ಮಾತಲ್ಲಿ ಮುಗಿಸಿದರು: ‘ಮಾರಾಯ್ರೆ, ಆಂಪ್ ಮೇಲೆ ಹೋಗೋದು ದೊಡ್ಡದಲ್ಲ, ಕೆಳಗೆ ಇಳಿಸಿದಾಗ ಆರ್ಕ್ ನಿಲ್ಬೇಕು.’ ಜೀಪಿನ ಮಟ್ಟಿಗೆ ಇದಕ್ಕಿಂತ ಸರಿಯಾದ ಮಾತಿಲ್ಲ. ಚಾಸಿಸ್ಸಿನ ಬ್ರಾಕೆಟ್ಟು ದಪ್ಪ, ಅದನ್ನು ಯಾವ ಮಿಷನ್ನೂ ಹಿಡಿಯುತ್ತದೆ. ಕಷ್ಟ ಇರುವುದು ನೆಲದ ತಗಡಿನಲ್ಲಿ. ಒಳ್ಳೆಯ ಜಾಗದಲ್ಲಿ ಅಳೆದರೆ 1.2 ಮಿ.ಮೀ., ಅಂದರೆ 18 ಗೇಜು. ತುಕ್ಕು ತಿಂದ ಅಂಚಿನಲ್ಲಿ ಅದರ ಅರ್ಧವೂ ಉಳಿದಿರಲಿಲ್ಲ. ಅಲ್ಲಿ ರಾಡ್ ತಾಗಿಸಿದರೆ ಕೂಡುವ ಬದಲು ತೂತೇ ದೊಡ್ಡದಾಗುತ್ತದೆ.

ಹಳೆಯ ಟ್ರಾನ್ಸ್‌ಫಾರ್ಮರ್ ಮಿಷನ್ ಸೆಕೆಂಡ್ ಹ್ಯಾಂಡಲ್ಲಿ ಅಗ್ಗಕ್ಕೆ ಸಿಗುತ್ತಿತ್ತು. ಕೆಡುವಂಥದ್ದು ಅದರಲ್ಲಿ ಏನೂ ಇಲ್ಲ, ನಿಜ. ಆದರೆ ನಾನು ನೋಡಿದ್ದಕ್ಕೆ ಎರಡು ಫೇಸ್ ಬೇಕಿತ್ತು, ಎತ್ತಲು ಇಬ್ಬರು ಬೇಕಿತ್ತು, ತೆಳು ತಗಡಿನ ಹತ್ತಿರಕ್ಕೂ ಅದನ್ನು ತರುವ ಹಾಗಿರಲಿಲ್ಲ. ಭಾರದ ಟ್ರಾನ್ಸ್‌ಫಾರ್ಮರ್ ಬದಲು ಎಲೆಕ್ಟ್ರಾನಿಕ್ ಬೋರ್ಡಿನಿಂದ ಓಡುವ, ಬರೀ ರಾಡಿನ ಇನ್ವರ್ಟರ್ ಮಿಷನ್ 200 ಆಂಪಿನದು ಏಳೆಂಟು ಸಾವಿರಕ್ಕೆ ಬರುತ್ತದೆ. ಟ್ರೇಲರ್, ಕ್ಯಾರಿಯರ್, ಬಂಪರ್ ಇಷ್ಟೇ ಕೆಲಸ ಇರುವವರು ಕಣ್ಣು ಮುಚ್ಚಿ ಅದನ್ನೇ ಕೊಳ್ಳಬಹುದು. 2.5 ಮಿ.ಮೀ.ನ, 6013 ಎಂಬ ನಮೂನೆಯ ಮಾಮೂಲಿ ರಾಡು ಹಾಕಿ 70ರಿಂದ 90 ಆಂಪಿನಲ್ಲಿಟ್ಟರೆ 3 ಮಿ.ಮೀ. ಕಬ್ಬಿಣ ಚೆನ್ನಾಗಿ ಕೂಡುತ್ತದೆ. ನನಗೆ ತಗಡಿನ ಕೆಲಸವೇ ಮುಕ್ಕಾಲು ಪಾಲು ಇದ್ದುದರಿಂದ, ರಾಡಿನ ಬದಲು ಸಣ್ಣ ತಂತಿ ತಾನಾಗಿ ಬರುತ್ತಾ ಕರಗುವ ಮಿಗ್ ಬೇಕಾಯಿತು. ಕೊನೆಗೆ ಆರಿಸಿದ್ದು ಮಿಗ್ ಮತ್ತು ರಾಡ್ ಎರಡೂ ಇರುವ ಸಿಂಗಲ್ ಫೇಸ್ ಮಿಷನ್, 20,000ದ ಆಸುಪಾಸು.

ಮಿಗ್ ನೋಡುವಾಗ ಮುಚ್ಚಳ ತೆಗೆಸಿ ತಂತಿ ತಳ್ಳುವ ಭಾಗವನ್ನು ನೋಡಲೇಬೇಕು. ಅಗ್ಗದವುಗಳಲ್ಲಿ ಅದು ಪೂರ್ತಿ ಪ್ಲಾಸ್ಟಿಕ್. ರೋಲರಿನ ಒತ್ತಡ ನಿಲ್ಲದೆ ತಂತಿ ಒಳಗೇ ಸುರುಳಿ ಕಟ್ಟಿಕೊಳ್ಳುತ್ತದೆ. 5 ಕೆ.ಜಿ. ಸ್ಪೂಲ್ ಹಿಡಿಸುತ್ತದೆಯೇ ಎಂದು ಕೇಳಿ, ಒಂದು ಕೆ.ಜಿ.ಯ ಪುಟ್ಟ ಸ್ಪೂಲಿನಲ್ಲಿ ತಂತಿ ಬಲು ದುಬಾರಿ ಬೀಳುತ್ತದೆ. ಪೊಲಾರಿಟಿ ಬದಲಿಸುವ ಅವಕಾಶ ಇರಬೇಕು: ಬೆಸುಗೆಗೆ ಗಾಳಿ ತಾಗದಂತೆ ಕಾಯುವ ಪುಡಿ ಒಳಗೇ ಇರುವ, ಗ್ಯಾಸ್ ಇಲ್ಲದ ಫ್ಲಕ್ಸ್ ತಂತಿಗೆ ಟಾರ್ಚ್ (ತಂತಿ ಹೊರಬರುವ ಹಿಡಿಕೆ) ಮೈನಸ್ಸಿಗೆ, ಅದೇ ಕೆಲಸಕ್ಕೆ ಗ್ಯಾಸಿನ ಜೊತೆ ಓಡುವ ಗಟ್ಟಿ ತಂತಿಗೆ ಟಾರ್ಚ್ ಪ್ಲಸ್ಸಿಗೆ. ಟಾರ್ಚ್ ಬಿಚ್ಚಿ ಬದಲಿಸುವಂತಿದ್ದರೆ ಮುಂದೆ ಅದೊಂದಕ್ಕಾಗಿ ಇಡೀ ಮಿಷನ್ ಮೂಲೆಗೆ ಹೋಗುವುದಿಲ್ಲ.

ಅಂಗಡಿಗೆ ಹೋಗುವಾಗ ಜೀಪಿನಿಂದ ಕತ್ತರಿಸಿದ ತಗಡಿನ ಚೂರುಗಳನ್ನೂ ಹೊಸ ಸಿಆರ್ ಶೀಟಿನ (ಸತು ಬಳಿಯದ ಉಕ್ಕಿನ ತಗಡಿನ) ತುಂಡುಗಳನ್ನೂ ಗ್ರೈಂಡ್ ಮಾಡಿ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಮಿಷನ್ ಹಚ್ಚಿಸಿ, 0.8 ಮಿ.ಮೀ. ತಂತಿ ಹಾಕಿಸಿ, ಅತಿ ಕಡಿಮೆಗೆ ಇಳಿಸಿ ಟ್ಯಾಕ್ (ಚುಕ್ಕೆಯಷ್ಟು ಬೆಸುಗೆ) ಹೊಡೆದು ನೋಡಿದೆ. ಒಂದು ಮಿಷನ್ನಿನಲ್ಲಿ ತಂತಿ ಮುಟ್ಟಿದ ತಕ್ಷಣ ಪಟ್ ಪಟ್ ಎಂದು ಸಿಡಿದು ಕರಗದ ತುಂಡು ಹಾರಿತು. ಇನ್ನೊಂದರಲ್ಲಿ ಕಾವಲಿಗೆ ನೀರುದೋಸೆ ಹೊಯ್ದ ಹಾಗೆ ಒಂದೇ ಸಮ ಚರ್ ಎಂದಿತು. ತಗಡು ತಿರುಗಿಸಿದರೆ ಹಿಂಬದಿಯಲ್ಲಿ ಬಟಾಣಿ ಗಾತ್ರದ ನೀಲಿ ಕಲೆ, ನಡುವೆ ತುಸು ಉಬ್ಬು, ತೂತಿಲ್ಲ. ಎರಡನೆಯದಕ್ಕೇ ದುಡ್ಡು ಎಣಿಸಿದೆ. ಹಚ್ಚಿ ತೋರಿಸಲು ಒಪ್ಪದ ಅಂಗಡಿಯಲ್ಲಿ ಮಿಗ್ ಕೊಳ್ಳಬೇಡಿ ಎನ್ನುವುದು ನನ್ನ ಹಟ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ತನಕ ಹೋಗಬಲ್ಲವರಿಗೆ ಆಯ್ಕೆ ಜಾಸ್ತಿ, ಆದರೆ ಬೋರ್ಡ್ ಸುಟ್ಟರೆ ರಿಪೇರಿ ಮಾಡುವವರು ಹತ್ತಿರದಲ್ಲಿರುವುದು ನಾಲ್ಕು ಕಾಸಿನ ಉಳಿತಾಯಕ್ಕಿಂತ ಮುಖ್ಯ.

ಕೊಳ್ಳುವ ಮೊದಲೇ ಮಾಡಿದ ಇನ್ನೊಂದು ಕೆಲಸ, ಶೆಡ್ಡಿನ ವೋಲ್ಟೇಜ್ ನೋಡಿದ್ದು. ಮಲ್ಟಿಮೀಟರ್ ಹಿಡಿದು ಬೆಳಿಗ್ಗೆ ಅಳೆದರೆ 215. ಸಂಜೆ ಸುತ್ತಲಿನ ಪಂಪ್‌ಸೆಟ್ಟುಗಳು ಓಡುವಾಗ 180ಕ್ಕೆ ಬಂದಿತ್ತು. ಹಾಗಾಗಿ 160 ವೋಲ್ಟಿನವರೆಗೆ ತಡೆಯುತ್ತದೆ ಎಂದು ಪ್ಲೇಟಿನಲ್ಲೇ ಬರೆದಿರುವ ಮಿಷನ್ ಹುಡುಕಿದೆ. ಮನೆಯಿಂದ ಶೆಡ್ಡಿಗೆ ಎಳೆದ ವೈರನ್ನು 4 ಸ್ಕ್ವೇರ್ ಎಂ.ಎಂ. ತಾಮ್ರಕ್ಕೆ ಬದಲಿಸಿದೆ. 20 ಮೀಟರ್ ದೂರಕ್ಕೆ 1.5ರ ವೈರಿನಲ್ಲಿ 16 ಆಂಪ್ ಹರಿದರೆ ಏಳೆಂಟು ವೋಲ್ಟ್ ದಾರಿಯಲ್ಲೇ ಹೋಗುತ್ತದೆ, 4ರಲ್ಲಿ ಮೂರೇ. ಮಿಗ್ಗಿನ ಒಂದು ಸುಖವೆಂದರೆ ತೆಳು ತಗಡಿಗೆ 60 ಆಂಪ್, 17 ವೋಲ್ಟ್ ಸಾಕು. ಒಂದು ಕಿಲೋವ್ಯಾಟ್ ಚಿಲ್ಲರೆ ಅಷ್ಟೇ, ಮನೆಯಲ್ಲಿ ಮಿಕ್ಸಿ ಹಾಕಿದವರಿಗೂ ಗೊತ್ತಾಗುವುದಿಲ್ಲ.

ಗ್ಯಾಸ್ ಇಲ್ಲದ ತಂತಿಯಿಂದ ಶುರು ಮಾಡಿದೆ. ಗಾಳಿಗೆ ಅಂಜದೆ ಅಂಗಳದಲ್ಲೂ ಕೆಲಸವಾಗುತ್ತದೆ, ಸಿಲಿಂಡರಿನ ತಾಪತ್ರಯವಿಲ್ಲ. ಆದರೆ ಬೆಸುಗೆಯ ಮೇಲೆ ಕಟ್ಟುವ ಕಿಟ್ಟ ಕೆರೆಯಬೇಕು, ಹೊಗೆ ವಿಪರೀತ, ತೆಳು ತಗಡಿಗೆ ಶಾಖವೂ ಹೆಚ್ಚು. ಚಾಸಿಸ್ಸಿನ ಬ್ರಾಕೆಟ್ಟುಗಳನ್ನು ಅದರಲ್ಲಿ ಮುಗಿಸಿ, ನೆಲಕ್ಕೆ ಬಂದಾಗ ಸಿಲಿಂಡರ್ ತಂದೆ. ಬರೀ ಕಾರ್ಬನ್ ಡೈ ಆಕ್ಸೈಡ್ ಅಗ್ಗ, ಸಿಡಿತ ಜಾಸ್ತಿ. ಆರ್ಗಾನ್ 80, ಕಾರ್ಬನ್ ಡೈ ಆಕ್ಸೈಡ್ 20ರ ಮಿಶ್ರಣ ಮೆತ್ತಗೆ ಸುಡುತ್ತದೆ. ನೆಲದಂಥ ಕೆಲಸಕ್ಕೆ ಮಿಶ್ರಣದ ಖರ್ಚು ಗ್ರೈಂಡಿಂಗಿನಲ್ಲಿ ವಾಪಸ್ ಬರುತ್ತದೆ. ತೂತು ಬೀಳುವ ಅಂಚಿನ ಹಿಂದೆ ತಾಮ್ರದ ಪಟ್ಟಿಯೊಂದನ್ನು ಒತ್ತಿ ಹಿಡಿದು, ಒಂದು ಟ್ಯಾಕ್ ಇಲ್ಲಿ, ಮುಂದಿನದು ಒಂದು ಗೇಣು ಆಚೆ, ಹೀಗೆ ಹೊಡೆಯುತ್ತಾ ಹೋದರೆ ತಗಡು ಡೊಂಕಾಗುವುದಿಲ್ಲ. ತಾಮ್ರಕ್ಕೆ ಕಬ್ಬಿಣ ಅಂಟುವುದಿಲ್ಲ, ಶಾಖವನ್ನೂ ಎಳೆದುಕೊಳ್ಳುತ್ತದೆ.

ಉಳಿದ ದುಡ್ಡು ಹೋದದ್ದು ತಾನಾಗಿ ಕಪ್ಪಾಗುವ ಹೆಲ್ಮೆಟ್, ಚರ್ಮದ ಗ್ಲೌಸ್, ನಾಲ್ಕಿಂಚಿನ ಗ್ರೈಂಡರ್ ಮತ್ತು ಗಟ್ಟಿ ಅರ್ತ್ ಕ್ಲ್ಯಾಂಪಿಗೆ. ಮಿಷನ್ ಜೊತೆ ಕೊಡುವ ಕೈಯಲ್ಲಿ ಹಿಡಿಯುವ ಮುಖವಾಡ ಮಿಗ್ಗಿಗೆ ನಿರುಪಯೋಗಿ, ಇನ್ನೊಂದು ಕೈ ತಾಮ್ರದ ಪಟ್ಟಿ ಹಿಡಿಯಬೇಕಲ್ಲ. ವೆಲ್ಡ್ ಮಾಡುವ ಮುನ್ನ ಬ್ಯಾಟರಿ ಟರ್ಮಿನಲ್ ಬಿಚ್ಚುತ್ತೇನೆ, ಇಲ್ಲದಿದ್ದರೆ ಆಲ್ಟರ್ನೇಟರಿನ ಡಯೋಡಿಗೆ ಸಂಚಕಾರ. ಡೀಸೆಲ್ ಟ್ಯಾಂಕ್ ಇಳಿಸಿ ದೂರ ಇಡುತ್ತೇನೆ. ಸತು ಬಳಿದ ಜಿ.ಐ. ಶೀಟನ್ನು ಹಾಗೇ ಸುಟ್ಟರೆ ಆ ಬಿಳಿ ಹೊಗೆಗೆ ರಾತ್ರಿ ಚಳಿಜ್ವರ ಬರುತ್ತದೆ, ಅದಕ್ಕೇ ಸಿಆರ್ ಶೀಟು. ಗ್ರೈಂಡರಿನ ಕಬ್ಬಿಣದ ಪುಡಿ ಮಿಷನ್ನಿನ ಫ್ಯಾನ್ ಮೂಲಕ ಬೋರ್ಡಿಗೆ ಹೋಗಿ ಶಾರ್ಟ್ ಮಾಡುತ್ತದೆ, ಆದ್ದರಿಂದ ಅವೆರಡನ್ನೂ ದೂರ ದೂರ ಇಡುವುದು. ಗುಡುಗು ಶುರುವಾದರೆ ಪ್ಲಗ್ ಕೀಳುವುದು. ತಂತಿಯ ಸ್ಪೂಲು ಮಳೆಗಾಲದಲ್ಲಿ ಮುಚ್ಚಳ ಬಿಗಿಯಾದ ಡಬ್ಬಿಯೊಳಗೆ, ಇಲ್ಲವಾದರೆ ಅದಕ್ಕೂ ತುಕ್ಕು.

ಸ್ಟಿಯರಿಂಗ್ ಮತ್ತು ಸ್ಪ್ರಿಂಗ್ ಶ್ಯಾಕಲ್ಲಿನ ಹತ್ತಿರ ನಾನು ಕೈ ಹಾಕುವುದಿಲ್ಲ, ಅದು ವರ್ಕ್‌ಶಾಪಿಗೆ. ಗಾಡಿಯ ಅಳತೆ ಆಕಾರ ಬದಲಿಸುವ ಆಸೆ ಇರುವವರು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳಿ. ತಯಾರಕರು ಕೊಟ್ಟ ವಿನ್ಯಾಸ ಮೀರಬಾರದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ತೇಪೆ ರಿಪೇರಿಗೆ ತಕರಾರಿಲ್ಲ, ಚಾಸಿಸ್ ನಂಬರಿನ ಮೇಲೆ ಮಾತ್ರ ಗ್ರೈಂಡರ್ ಆಡಬಾರದು.

ಕರಗದ ಟಂಗ್‌ಸ್ಟನ್ ಮೊನೆಯಿಂದ ಬೆಸೆಯುವ ಟಿಗ್ ಮಿಷನ್ ಯಾಕೆ ಕೊಳ್ಳಲಿಲ್ಲ ಎಂದು ಕೇಳುವವರಿದ್ದಾರೆ. ಚೆಂದದ ಬೆಸುಗೆ ಅದರದ್ದೇ, ಆದರೆ ನಿಧಾನ, ತುಕ್ಕು ಹಿಡಿದ ಲೋಹದ ಮೇಲೆ ಅದರ ಆಟ ನಡೆಯುವುದಿಲ್ಲ. ಅಲ್ಯೂಮಿನಿಯಮ್ಮಿಗೆ ಬೇಕಾದ ಎಸಿ ಟಿಗ್ಗಂತೂ ಈ ಬಜೆಟ್ಟಿಗೆ ದಕ್ಕದು. ಅಂಥ ಕೆಲಸ ಬಂದರೆ ಭಾಗವನ್ನೇ ಬಿಚ್ಚಿ ಶಿವಮೊಗ್ಗಕ್ಕೆ ಹೋಗುವ ಬಸ್ಸಿಗೆ ಹಾಕಿ ಕಳಿಸುತ್ತೇನೆ.